ಗಿಲಾವ್ (ಗೋಡೆ ಪ್ಲಾಸ್ಟರ್) ಆಗುವ ಮೊದಲು ಲೈಟ್ ಪಾಯಿಂಟ್ ಎಲ್ಲೆಲ್ಲಿ ಬಿಡಬೇಕು? ಬಾಗಲಕೋಟೆಯ ಹೊಸ ಮನೆಗೆ ಸಲಹೆ ಬೇಕು

ನವನಗರದ ಹೊಸಮನೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಎದ್ದಿದೆ, ಸ್ಲ್ಯಾಬ್ ಆಗಿದೆ. ಇನ್ನು ಹತ್ತು ದಿನದಲ್ಲಿ ಗಿಲಾವ್ ಶುರು ಅಂತ ಗೌಂಡಿ ಹೇಳಿದ್ದಾರೆ, ಅಷ್ಟರೊಳಗೆ ವೈರಿಂಗ್ ಪೈಪ್ ಎಲ್ಲ ಗೋಡೆ ಒಳಗೆ ಹೋಗಬೇಕು. ಯಾವ ರೂಮಿಗೆ ಎಂಥ ಲೈಟು, ಎಲ್ಲಿ ಪಾಯಿಂಟು ಅಂತ ಬರೆದು ಕೊಡಿ ಅಂತ ವೈರ್‌ಮನ್ ಎರಡು ಸಲ ಕೇಳಿದರು. ನನ್ನ ಹತ್ತಿರ ಉತ್ತರ ಇಲ್ಲ.

ಒಬ್ಬ ಡಿಸೈನರ್ ಬಂದು ನೋಡಿ ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡಿ 12 ವ್ಯಾಟಿನ 14 ಡೌನ್‌ಲೈಟ್, ಸುತ್ತಲೂ ಸ್ಟ್ರಿಪ್ ಲೈಟ್ ಹಾಕೋಣ ಅಂದರು. ಹಾಲ್ 12×16 ಅಡಿ. ಬೆಡ್‌ರೂಮಿಗೂ ಹಾಗೇ. ಅಡುಗೆ ಮನೆಗೆ ಮಾತ್ರ ನಡುವೆ ಒಂದು ಲೈಟು ಸಾಕು ಅಂದರು. ನನಗೆ ಯಾಕೋ ಇದು ಉಲ್ಟಾ ಅನ್ನಿಸಿತು.

ಮನೆಯಲ್ಲಿ ನಾನು, ಹೆಂಡತಿ, ಎಂಟನೇ ಕ್ಲಾಸಿನ ಮಗಳು, ಅವ್ವ. ಅವ್ವನಿಗೆ 71. ಒಂದು ಕಣ್ಣಿನ ಪೊರೆ ಆಪರೇಷನ್ ಆಗಿದೆ. ಈಗಿರುವ ಬಾಡಿಗೆ ಮನೆಯಲ್ಲಿ ಜೋಳ ಹಸನು ಮಾಡಲು ಅವಳು ಮೊರ ಹಿಡಿದುಕೊಂಡು ಬಾಗಿಲ ಹೊಸ್ತಿಲಿಗೇ ಬರುತ್ತಾಳೆ, ಒಳಗೆ ಟ್ಯೂಬ್‌ಲೈಟ್ ಇದ್ದರೂ. ನಮ್ಮದು ಮುಳುಗಡೆ ಆದ ಹಳೇ ಊರಿನ ಮನೆತನ. ಅಲ್ಲಿಯ ಮಾಳಿಗೆ ಮನೆಯಲ್ಲಿ ಒಂದೇ ಬೆಳಕಿಂಡಿ ಇತ್ತು, ಅದರ ಕೆಳಗೆ ಕೂತರೆ ಸೂಜಿಗೆ ದಾರ ಪೋಣಿಸಬಹುದಿತ್ತು ಅಂತ ಇವತ್ತಿಗೂ ಹೇಳುತ್ತಾಳೆ. ದಯವಿಟ್ಟು ಅನುಭವ ಇದ್ದವರು ತಿಳಿಸಿ.

ವಿಜಯಪುರ ವೈರ್‌ಮನ್

ಸರ್, ನಾನು 20 ವರ್ಷದಿಂದ ಇದೇ ಕೆಲಸದಲ್ಲಿ ಇದ್ದೇನೆ. ಮೊದಲು ಒಂದು ಲೆಕ್ಕ ಹೇಳ್ತೀನಿ, ಆಮೇಲೆ ಉಳಿದದ್ದು.

ಬಲ್ಬಿನ ಡಬ್ಬಿ ಮೇಲೆ ವ್ಯಾಟ್ ನೋಡಬೇಡಿ, ಲ್ಯುಮೆನ್ ನೋಡಿ. ವ್ಯಾಟ್ ಅಂದರೆ ತಿನ್ನುವ ಕರೆಂಟು, ಲ್ಯುಮೆನ್ ಅಂದರೆ ಕೊಡುವ ಬೆಳಕು. ಒಳ್ಳೆಯ 9 ವ್ಯಾಟಿನ ಎಲ್‌ಇಡಿ ಬಲ್ಬು 800–900 ಲ್ಯುಮೆನ್ ಕೊಡುತ್ತದೆ. ನಾಲ್ಕಡಿಯ 20 ವ್ಯಾಟ್ ಬ್ಯಾಟನ್, ಅಂದರೆ ಎಲ್‌ಇಡಿ ಟ್ಯೂಬ್‌ಲೈಟ್, ಸುಮಾರು 2000 ಕೊಡುತ್ತದೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲ್ಯುಮೆನ್ ಬಿದ್ದರೆ ಅದು ಒಂದು ಲಕ್ಸ್. ಕೂತು ಮಾತಾಡಲು, ಟಿವಿ ನೋಡಲು 100–150 ಲಕ್ಸ್ ಧಾರಾಳ. ಓದಲು, ತರಕಾರಿ ಹೆಚ್ಚಲು 300 ಬೇಕು, ಅದೂ ಆ ಜಾಗದಲ್ಲಿ ಮಾತ್ರ.

ಈಗ ನಿಮ್ಮ ಹಾಲ್ ನೋಡಿ. 12×16 ಅಂದರೆ 192 ಚದರ ಅಡಿ, ಹತ್ತಿರ ಹತ್ತಿರ 18 ಚದರ ಮೀಟರ್. 14 ಡೌನ್‌ಲೈಟ್ ಗುಣಿಸು 12 ವ್ಯಾಟ್, 168 ವ್ಯಾಟ್. ವ್ಯಾಟಿಗೆ 90 ಲ್ಯುಮೆನ್ ಹಿಡಿದರೂ 15,000 ದಾಟಿತು. ಹದಿನೆಂಟರಿಂದ ಭಾಗಿಸಿ, 800ಕ್ಕೂ ಜಾಸ್ತಿ ಲಕ್ಸ್ ಬಂತು. ಗೋಡೆ, ಕರ್ಟನ್ ಸ್ವಲ್ಪ ನುಂಗಿದರೂ ಬಟ್ಟೆ ಅಂಗಡಿಯಷ್ಟು ಬೆಳಕು. ಮೊದಲ ತಿಂಗಳು ಎಲ್ಲ ಹಾಕ್ತೀರಿ, ಆಮೇಲೆ ನಾಲ್ಕು ಹಾಕಿ ಹತ್ತು ಹಾಗೇ ಬಿಡ್ತೀರಿ. ನಾನು ವೈರಿಂಗ್ ಮಾಡಿಕೊಟ್ಟ ಎಷ್ಟೋ ಮನೆಗಳಲ್ಲಿ ಇದನ್ನೇ ನೋಡಿದ್ದೇನೆ.

ಇನ್ನೊಂದು, ಸ್ಲ್ಯಾಬ್ ಆಗಿದೆ ಅಂದರೆ ಸೀಲಿಂಗ್ ಪಾಯಿಂಟು ಫ್ಯಾನ್ ಬಾಕ್ಸ್ ಎಲ್ಲಿದೆಯೋ ಅಲ್ಲೇ. ಅದನ್ನು ಈಗ ಸರಿಸಲು ಆಗೋದಿಲ್ಲ. ಗೋಡೆ ಮಾತ್ರ ಇನ್ನೂ ನಿಮ್ಮ ಕೈಯಲ್ಲಿದೆ. ಅದಕ್ಕೆ ಯಾವ ಲೈಟು ಅಂತ ಆಮೇಲೆ ಯೋಚಿಸಿ. ಮನೆಯಲ್ಲಿ ಯಾರು ಎಲ್ಲಿ ಕೂತು ಏನು ಕೆಲಸ ಮಾಡ್ತಾರೆ ಅಂತ ಮೊದಲು ಬರೆಯಿರಿ.

ಟಿಳಕವಾಡಿಯಿಂದ

ನಾನು ಬೆಳಗಾವಿಯವಳು. ನಾವು ಮೂರು ವರ್ಷದ ಹಿಂದೆ ಮಾಡಿದ ತಪ್ಪನ್ನು ನೀವು ಮಾಡಬೇಡಿ ಅಂತ ಬರೆಯುತ್ತಿದ್ದೇನೆ.

ಹಾಲ್, ಎರಡೂ ಬೆಡ್‌ರೂಮು, ಎಲ್ಲಕ್ಕೂ ಫಾಲ್ಸ್ ಸೀಲಿಂಗ್ ಮಾಡಿಸಿದೆವು. ನೋಡಲು ಚೆನ್ನಾಗಿತ್ತು, ನಿಜ. ಒಂದೂವರೆ ವರ್ಷಕ್ಕೆ ಸ್ಟ್ರಿಪ್ ಲೈಟಿನ ಡ್ರೈವರ್ (ಎಲ್‌ಇಡಿಗೆ ತಕ್ಕಂತೆ ಕರೆಂಟು ಕೊಡುವ ಚಿಕ್ಕ ಡಬ್ಬಿ) ಒಂದೊಂದಾಗಿ ಹೋಗಲು ಶುರುವಾಯಿತು. ಡ್ರೈವರ್ ಎಲ್ಲಿದೆ ಅಂತ ಹುಡುಕಿದರೆ ಜಿಪ್ಸಮ್ ಒಳಗೆ, ಕೈ ಹೋಗದ ಜಾಗದಲ್ಲಿ ಇಟ್ಟು ಮುಚ್ಚಿಬಿಟ್ಟಿದ್ದಾರೆ. ಕೆಲಸ ಮಾಡಿದವರನ್ನು ಕರೆದರೆ ಬರಲಿಲ್ಲ. ಕೊನೆಗೆ ಸೀಲಿಂಗ್ ಕತ್ತರಿಸಿ ತೆಗೆದು, ಮತ್ತೆ ತೇಪೆ ಹಾಕಿ, ಪೇಂಟ್ ಹೊಡೆಸಿದೆವು. ತೇಪೆ ಇವತ್ತಿಗೂ ಕಾಣುತ್ತದೆ. ಎಲ್‌ಇಡಿ ಚಿಪ್ ಬೇಗ ಹೋಗುವುದಿಲ್ಲ, ಮೊದಲು ಹೋಗುವುದು ಡ್ರೈವರ್, ಅದಕ್ಕೆ ಕಾರಣ ಬಿಸಿ. ಬಾಗಲಕೋಟೆ, ವಿಜಯಪುರದ ಕಡೆ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ, ಕಾದ ಸ್ಲ್ಯಾಬಿನ ಕೆಳಗೆ ಗಾಳಿ ಆಡದ ಜಾಗದಲ್ಲಿ ಆ ಡಬ್ಬಿ ಇದ್ದರೆ ಎಷ್ಟು ದಿನ ಬಾಳೀತು ಹೇಳಿ. ಸ್ಟ್ರಿಪ್ ಬೇಕೇ ಬೇಕು ಅಂದರೆ ಡ್ರೈವರ್ ಇರುವ ಜಾಗಕ್ಕೆ ಒಂದು ಮುಚ್ಚಳ ಬಿಡಿಸಿ.

ಇನ್ನೊಂದು ಫ್ಯಾನ್. ನಮ್ಮ ಬೆಡ್‌ರೂಮಿನಲ್ಲಿ ಎರಡು ಡೌನ್‌ಲೈಟ್ ಫ್ಯಾನಿನ ರೆಕ್ಕೆಯ ಮೇಲೆಯೇ ಬಂದಿವೆ. ಫ್ಯಾನ್ ತಿರುಗಿದರೆ ಗೋಡೆ ತುಂಬ ನೆರಳು ಪಟಪಟ ಅಂತ ಓಡುತ್ತದೆ. ಅತ್ತೆಗೆ ತಲೆನೋವು ಬರುತ್ತದೆ ಅಂತ ಆ ಎರಡೂ ಲೈಟು ಹಾಕುವುದೇ ಇಲ್ಲ.

ಆದರೆ ಗೋಡೆಯ ಮೇಲೆ, ಸೀಲಿಂಗ್ ಕಡೆಗೆ ಮುಖ ಮಾಡಿದ ಒಂದು ಲೈಟ್ ಇದೆ. ಬೆಳಕು ಮೇಲೆ ಹೋಗಿ ಬಿಳಿ ಸೀಲಿಂಗಿಗೆ ಬಡಿದು ಕೆಳಗೆ ಇಳಿಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದು ಮಧ್ಯಾಹ್ನ ಮೂರಕ್ಕೇ ಮನೆ ಕತ್ತಲಾಗುತ್ತದಲ್ವಾ, ಆಗೆಲ್ಲ ಅದೊಂದೇ ಹಾಕುತ್ತೇವೆ. ಕಣ್ಣಿಗೆ ಏನೂ ಚುಚ್ಚುವುದಿಲ್ಲ.

ಜಮಖಂಡಿ ಹುಡುಗ

ಎಲ್ಲರೂ ಈಗ ಹಳದಿ ಲೈಟ್ ಹಾಕಿ ಅಂತಾರೆ. ನಮಗೆ ಹಳದಿ ಅಂದರೆ ವೋಲ್ಟೇಜ್ ಇಲ್ಲದ ಕಾಲದ ಬಲ್ಬು ನೆನಪಾಗುತ್ತದೆ. ಬಿಸಿಲ ನಾಡಿಗೆ ಬಿಳಿ ಲೈಟೇ ತಂಪು. ನಮ್ಮ ಮನೆ ಪೂರ್ತಿ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಏನೂ ತೊಂದರೆ ಇಲ್ಲ.

ಇಳಕಲ್ ಸೀರೆ ಅಂಗಡಿ

ಜಮಖಂಡಿ ತಮ್ಮಾ, ಬಿಳಿ ಇರಲಿ ಹಳದಿ ಇರಲಿ, ಅದು ರುಚಿಯ ಮಾತು. 2700–3000 ಕೆಲ್ವಿನ್ ಹಳದಿ, 4000 ನಡುವಿನದು, 6500 ನೀಲಿ ಬೆರೆತ ಬಿಳಿ. ಮಲಗುವ ಕೋಣೆಗೆ ಮೊದಲನೆಯದು ಹಿತ, ಅಡುಗೆಗೆ, ಓದಿಗೆ 4000 ಹಿತ ಅಂತ ನನ್ನ ಅನುಭವ. ಆದರೆ ಇದಕ್ಕಿಂತ ದೊಡ್ಡ ವಿಷಯ ಒಂದಿದೆ, ಅದನ್ನು ಯಾರೂ ಹೇಳಲಿಲ್ಲ. ಬಣ್ಣ ಸರಿಯಾಗಿ ಕಾಣುತ್ತದೋ ಇಲ್ಲವೋ ಅನ್ನುವುದು.

ನಾವು ತಲೆಮಾರಿನಿಂದ ಸೀರೆ ವ್ಯಾಪಾರದವರು. ಇಳಕಲ್ ಸೀರೆಯ ಟೋಪ್ ತೆನಿ ಸೆರಗು ಅಂದರೆ ಕೆಂಪು, ಅದರೊಳಗೆ ಬಿಳಿ. ಆ ಕೆಂಪು ಸರಿ ಕಾಣದಿದ್ದರೆ ಸೀರೆಯೇ ಸರಿ ಕಾಣುವುದಿಲ್ಲ. ಕೆಲವು ವರ್ಷದ ಹಿಂದೆ ಅಂಗಡಿಗೆ ಅಗ್ಗದ ಪ್ಯಾನೆಲ್ ಲೈಟ್ ಹಾಕಿಸಿದೆ. ಅಂಗಡಿ ಬೆಳಗಿತು, ಸೆರಗು ಸತ್ತಿತು. ದಾಳಿಂಬೆ ಕೆಂಪು ಇದ್ದದ್ದು ಕಂದಿದ ಇಟ್ಟಿಗೆ ಬಣ್ಣ. ಗಿರಾಕಿಗಳು ಸೀರೆ ಹಿಡಿದುಕೊಂಡು ರಸ್ತೆಗೆ ಹೋಗಿ ಬಿಸಿಲಿನಲ್ಲಿ ನೋಡಿ ಬರಲು ಶುರು ಮಾಡಿದರು.

ಕಾರಣ ಏನು ಅಂದರೆ, ಸಾಮಾನ್ಯ ಬಿಳಿ ಎಲ್‌ಇಡಿ ಒಳಗೆ ಇರುವುದು ನೀಲಿ ಚಿಪ್, ಅದರ ಮೇಲೆ ಹಳದಿ ಲೇಪ. ಎರಡೂ ಸೇರಿ ಕಣ್ಣಿಗೆ ಬಿಳಿ ಅನ್ನಿಸುತ್ತದೆ, ಆದರೆ ಅಗ್ಗದ್ದರಲ್ಲಿ ಕೆಂಪು ಭಾಗ ತೀರಾ ಕಡಿಮೆ. ಬೆಳಕಿನಲ್ಲಿ ಕೆಂಪು ಇಲ್ಲದಿದ್ದರೆ ಬಟ್ಟೆ ಕೆಂಪನ್ನು ಎಲ್ಲಿಂದ ತಂದು ತೋರಿಸಬೇಕು? ಇದಕ್ಕೆ ಸಿಆರ್‌ಐ ಅಂತ ಒಂದು ಅಂಕಿ ಇದೆ, ನೂರಕ್ಕೆ ಎಷ್ಟು ಅಂತ. ಮಾಮೂಲು ಬಲ್ಬು 80 ಇರುತ್ತದೆ. 90ರ ಮೇಲಿನದು ಕೇಳಿ ತೆಗೆದುಕೊಳ್ಳಿ, ರೊಕ್ಕ ಜಾಸ್ತಿ ಬೀಳುತ್ತದೆ, ಬೀಳಲಿ. ಮನೆ ಪೂರ್ತಿ ಬೇಡ. ಅಡುಗೆ ಮನೆ, ಕನ್ನಡಿ, ಬಟ್ಟೆಯ ಕಪಾಟು, ಈ ಮೂರು ಕಡೆ ಹಾಕಿ. ಡಬ್ಬಿಯ ಮೇಲೆ ಬರೆದದ್ದನ್ನೇ ನಂಬಬೇಡಿ. ಮನೆಯಿಂದ ಒಂದು ಕೆಂಪು ಬಟ್ಟೆ ಒಯ್ದು, ಅಂಗಡಿಯಲ್ಲಿ ಆ ಬಲ್ಬಿನ ಕೆಳಗೂ ಹೊರಗೆ ಬಿಸಿಲಿನಲ್ಲೂ ಹಿಡಿದು ನೋಡಿ.

ಕನ್ನಡಿ ಅಂದೆನಲ್ಲ, ಲೈಟ್ ಅದರ ಎರಡೂ ಬದಿಗೆ, ಮುಖದ ಎತ್ತರಕ್ಕೆ ಇರಲಿ. ತಲೆ ಮೇಲಿಂದ ಬಿದ್ದರೆ ಕಣ್ಣ ಕೆಳಗೆ ನೆರಳು ಬೀಳುತ್ತದೆ.

ನವನಗರದ ಹೊಸಮನೆ

ಎಲ್ಲರಿಗೂ ಧನ್ಯವಾದ. ವೈರ್‌ಮನ್ ಅಣ್ಣಾ, ನೀವು ಹೇಳಿದ ಹಾಗೆ ಬರೆಯಲು ಕೂತೆ. ಹಾಲ್‌ನಲ್ಲಿ ನಾವು ಟಿವಿ ನೋಡುತ್ತೇವೆ, ಬಂದವರ ಜೊತೆ ಮಾತಾಡುತ್ತೇವೆ, ಅಷ್ಟೇ. ಮಗಳು ಓದುವುದು ಬೆಡ್‌ರೂಮಿನ ಕಿಟಕಿ ಹತ್ತಿರದ ಟೇಬಲ್ಲಿನಲ್ಲಿ. ಹೆಂಡತಿ ಬೆಳಿಗ್ಗೆ ಐದೂವರೆಗೆ ಅಡುಗೆ ಕಟ್ಟೆ ಮುಂದೆ ನಿಂತರೆ ಎಂಟರವರೆಗೆ ಅಲ್ಲೇ. ಬರೆದ ಮೇಲೆ ನೋಡಿದರೆ ಜಾಸ್ತಿ ಕೆಲಸ ನಡೆಯುವ ಜಾಗಕ್ಕೆ ಒಂದು ಲೈಟು, ಸುಮ್ನೆ ಕೂರುವ ಜಾಗಕ್ಕೆ ಹದಿನಾಲ್ಕು.

ಅಡುಗೆ ಮನೆಗೆ ಏನು ಮಾಡಬೇಕು ಹೇಳಿ.

ಮುಧೋಳದ ಅಕ್ಕ

ನಾನು ಹೇಳ್ತೀನಿ ಕೇಳಿ, ನಿಮ್ಮ ಮನೆಯವರಿಗೂ ಓದಿ ಹೇಳಿ.

ನಡುವೆ ಲೈಟು ಇದ್ದರೆ, ಕಟ್ಟೆ ಗೋಡೆಗೆ ಇದ್ದರೆ, ನಿಂತವಳ ಬೆನ್ನಿಗೆ ಬೆಳಕು, ಕೈಗೆ ನೆರಳು. ನಾನು 12 ವರ್ಷ ನನ್ನದೇ ನೆರಳಿನಲ್ಲಿ ಈರುಳ್ಳಿ ಹೆಚ್ಚಿದ್ದೇನೆ. ರೊಟ್ಟಿ ಬಡಿಯುವಾಗ ಅಂಚು ದಪ್ಪ ಉಳಿದಿದೆಯೋ ಇಲ್ಲವೋ ಕೈಗೆ ಗೊತ್ತಾಗುತ್ತದೆ, ಕಣ್ಣಿಗಲ್ಲ. ಆದರೆ ಪಲ್ಯದ ಸೊಪ್ಪಿನಲ್ಲಿ ಹುಳ ಇದ್ದರೆ ಕೈಗೆ ಗೊತ್ತಾಗುವುದಿಲ್ಲ. ಅಕ್ಕಿಯಲ್ಲಿ ಹರಳು ಇದ್ದರೂ ಅಷ್ಟೇ. ಮೇಲೆ ಇನ್ನೂ ದೊಡ್ಡ ಬಲ್ಬು ಹಾಕಿಸಿದೆ, ನೆರಳು ಇನ್ನೂ ಕಪ್ಪಾಯಿತು.

ಕಟ್ಟೆಗೆ ಎಲ್ಲರೂ ಕರಿ ಗ್ರಾನೈಟ್ ಹಾಕುತ್ತಾರೆ. ಕರಿ ಕಲ್ಲು ಬಿದ್ದ ಬೆಳಕನ್ನೆಲ್ಲ ನುಂಗುತ್ತದೆ, ಬಿಳಿ ಟೈಲ್ಸ್ ವಾಪಸ್ ಕೊಡುತ್ತದೆ. ಕಟ್ಟೆ ಕರಿದೇ ಆದರೆ ಹಿಂದಿನ ಗೋಡೆಗಾದರೂ ತಿಳಿ ಬಣ್ಣದ ಟೈಲ್ಸ್ ಇರಲಿ.

ಕಳೆದ ವರ್ಷ ಕಟ್ಟೆ ಮೇಲಿನ ಕಪಾಟಿನ ತಳಕ್ಕೆ ಒಂದು ಉದ್ದ ಪಟ್ಟಿ ಲೈಟ್ ಹಾಕಿಸಿದೆ, ಎರಡು ಅಡಿ ಎತ್ತರಕ್ಕೆ. ಬೆಳಕು ನೇರ ಕೈ ಮೇಲೆ. ಮೊದಲ ದಿನ ಮೆಂತ್ಯದ ಸೊಪ್ಪು ಸೋಸುವಾಗ ಎಲೆಯ ನರ ನರ ಕಂಡಿತು. ನನ್ನ ಕಣ್ಣಿಗೆ ವಯಸ್ಸಾಗಿದೆ ಅಂದುಕೊಂಡಿದ್ದೆ. ಆಗಿರಲಿಲ್ಲ. ಪಟ್ಟಿಯನ್ನು ಕಪಾಟಿನ ಹಿಂದಿನ ಅಂಚಿಗೆ ಹಾಕಬೇಡಿ, ಪಾಲಿಶ್ ಕಲ್ಲಿನಲ್ಲಿ ಪ್ರತಿಬಿಂಬ ಕಣ್ಣಿಗೆ ಹೊಡೆಯುತ್ತದೆ. ಮುಂದಿನ ಅಂಚಿಗೆ, ಒಂದು ಸಣ್ಣ ಮರೆ ಇಟ್ಟು ಹಾಕಿ. ಒರೆಸಲು ಬರುವಂಥ ಮುಚ್ಚಳ ಇರುವುದನ್ನೇ ತನ್ನಿ, ಒಗ್ಗರಣೆ ಹೊಗೆಯ ಜಿಡ್ಡು ಎಲ್ಲಿಗೂ ಹೋಗುವುದಿಲ್ಲ.

ವಿಜಯಪುರ ವೈರ್‌ಮನ್

ಅಕ್ಕಾರೆ ಹೇಳಿದ್ದು ನೂರಕ್ಕೆ ನೂರು. ಬಲ್ಬಿನ ದೂರ ಅರ್ಧ ಆದರೆ ಬೆಳಕು ನಾಲ್ಕು ಪಟ್ಟು. ಹತ್ತಿರದ ಚಿಕ್ಕ ಲೈಟು ದೂರದ ದೊಡ್ಡ ಲೈಟಿಗಿಂತ ಮೇಲು.

ನವನಗರ ಸರ್, ಒಂದು ಕೆಲಸ ಮಾಡಿ. ಕಾಗದದ ಮೇಲೆ ನಿರ್ಧಾರ ಮಾಡಬೇಡಿ. ಕಟ್ಟಡಕ್ಕೆ ತಾತ್ಕಾಲಿಕ ಕರೆಂಟು ಇದ್ದೇ ಇರುತ್ತದೆ. ಹದಿನೈದು ಅಡಿ ವೈರಿಗೆ ಒಂದು ಹೋಲ್ಡರ್, 9 ವ್ಯಾಟ್ ಬಲ್ಬು. ರಾತ್ರಿ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ಯಾರು ಎಲ್ಲಿ ಕೂರುತ್ತಾರೋ ಅಲ್ಲಿ ಕೂರಿಸಿ, ನೀವು ಬಲ್ಬು ಹಿಡಿದು ಮೇಲೆ ಕೆಳಗೆ ಎಡ ಬಲ ಸರಿಸಿ. ನೆರಳು ಎಲ್ಲಿ ಹೋಯಿತೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮಗಳಿಗೆ ಬರೆಯುವಾಗ ಎಡಗಡೆಯಿಂದ ಬರಬೇಕು, ಎಡಗೈಯವಳಾದರೆ ಬಲಗಡೆಯಿಂದ. ವೈರ್ ಜೋಡಣೆಗೆ ಟೇಪ್ ಸರಿಯಾಗಿ ಸುತ್ತಿ, ಕ್ಯೂರಿಂಗ್ ನೀರು ನೆಲದಲ್ಲಿ ನಿಂತಿರುತ್ತದೆ, ಚಪ್ಪಲಿ ಹಾಕಿಕೊಂಡೇ ಇರಿ.

ಇನ್ನೆರಡು ಮಾತು. ಸ್ವಿಚ್ ಯಾವಾಗಲೂ ಫೇಸ್ (ಕರೆಂಟು ಬರುವ ವೈರ್) ಮೇಲೆ ಬರಬೇಕು, ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಮೇಲೆ ಬಂದರೆ ಆಫ್ ಮಾಡಿದರೂ ಎಲ್‌ಇಡಿ ಮಿಣುಮಿಣು ಅನ್ನುತ್ತದೆ, ಬಲ್ಬು ಬದಲಿಸುವಾಗ ಶಾಕ್ ಹೊಡೆಯುವ ಅಪಾಯವೂ ಇದೆ. ಇಂಡಿಕೇಟರ್ ಇರುವ ಸ್ವಿಚ್‌ನಲ್ಲೂ ಕೆಲವು ಬಲ್ಬು ಹೀಗೇ ಮಿಣುಕುತ್ತವೆ, ಗಾಬರಿ ಬೇಡ. ಎರಡನೆಯದು, ಇನ್ವರ್ಟರ್ ಲೈನ್ ಈಗಲೇ ಬೇರೆ ಎಳೆಸಿ. ಪ್ರತಿ ರೂಮಿನ ಒಂದು ಲೈಟು, ಒಂದು ಫ್ಯಾನು ಅದರ ಮೇಲೆ ಇರಲಿ. ಮೇ ತಿಂಗಳ ಗಾಳಿ ಮಳೆಗೆ ಕರೆಂಟು ಹೋದಾಗ ನೆನಪಿಸಿಕೊಳ್ಳುತ್ತೀರಿ.

ಶಹಾಪುರ ನಿವೃತ್ತ ಮೇಷ್ಟ್ರು

ಬೆಳಗಾವಿ ಶಹಾಪುರದಿಂದ. ನನಗೂ ನಿಮ್ಮ ತಾಯಿಯ ವಯಸ್ಸೇ, ಅದಕ್ಕೆ ಬರೆಯುತ್ತಿದ್ದೇನೆ.

20ರ ಹರೆಯದ ಕಣ್ಣಿನ ಒಳಗೆ ಹೋಗುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ 60ರ ಕಣ್ಣಿನ ಒಳಗೆ ಹೋಗುತ್ತದೆ. ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿ ತಿರುಗುತ್ತದೆ. ಹಾಗಾಗಿ ನಮಗೆ ಬೆಳಕು ಜಾಸ್ತಿ ಬೇಕು. ಆದರೆ ಬರೀ ಬಲ್ಬು ಕಣ್ಣಿಗೆ ಕಂಡರೆ ತಡೆಯಲು ಆಗುವುದಿಲ್ಲ. ಹೀಗಾಗಿ ಬಲ್ಬಿಗೆ ಮರೆ ಇರಲಿ, ಬೆಳಕು ಕೆಲಸದ ಮೇಲೆ ಬೀಳಲಿ. ಇದು ನಿಮ್ಮ ತಾಯಿಗೆ ತುಂಬ ಮುಖ್ಯ.

ರಾತ್ರಿ ಬಚ್ಚಲಿಗೆ ಹೋಗುವ ದಾರಿಯನ್ನು ಮರೆಯಬೇಡಿ. ಎರಡು ವರ್ಷದ ಹಿಂದೆ ನಾನು ಸ್ವಿಚ್ ಹುಡುಕುತ್ತಾ ಹೊಸ್ತಿಲು ಎಡವಿ ಮಣಿಕಟ್ಟು ಮುರಿದುಕೊಂಡೆ. ಈಗ ನೆಲದಿಂದ ಒಂದು ಅಡಿ ಎತ್ತರಕ್ಕೆ ಎರಡು ಚಿಕ್ಕ ಸೆನ್ಸರ್ ಲೈಟ್ ಇವೆ, ಒಂದು ವ್ಯಾಟಿನವು, ಹಳದಿ. ಕಾಲು ಇಟ್ಟರೆ ಹತ್ತುತ್ತವೆ. ನಿದ್ದೆಯೂ ಹಾರುವುದಿಲ್ಲ. ಬೆಡ್‌ರೂಮಿಗೆ ಟು-ವೇ ಸ್ವಿಚ್, ಬಾಗಿಲ ಹತ್ತಿರ ಒಂದು, ಹಾಸಿಗೆಯ ಹತ್ತಿರ ಒಂದು. ಮೆಟ್ಟಿಲಿಗೂ ಹಾಗೇ, ಕೆಳಗೆ ಒಂದು, ಮೇಲೆ ಒಂದು.

ನವನಗರದ ಹೊಸಮನೆ

ನಿನ್ನೆ ರಾತ್ರಿ ಏಳಕ್ಕೆ ಎಲ್ಲರೂ ಹೋಗಿದ್ದೆವು. ಹೋಲ್ಡರ್, ವೈರು, ಬಲ್ಬು, ಸೀಮೆಸುಣ್ಣ. ಅವ್ವ ಒಂದು ಸೇರು ಜೋಳ, ಮೊರ, ಮಣೆ ಎಲ್ಲ ತಂದಳು.

ಮೊದಲು ಹೆಂಡತಿ ಕಟ್ಟೆ ಬರುವ ಜಾಗದಲ್ಲಿ ನಿಂತಳು, ಇಟ್ಟಿಗೆ ಪೇರಿಸಿ ಮೇಲೆ ಹಲಗೆ ಇಟ್ಟಿದ್ದೆವು. ಬಲ್ಬನ್ನು ಡಿಸೈನರ್ ಹೇಳಿದ ನಡುವಿನ ಜಾಗಕ್ಕೆ ಹಿಡಿದೆ. ಅವಳ ತಲೆಯ ನೆರಳು ನೇರ ಹಲಗೆ ಮೇಲೆ. ಮುಂದೆ ತಂದು ಎರಡು ಅಡಿಗೆ ಇಳಿಸಿದೆ, ನೆರಳು ಹಿಂದಕ್ಕೆ ಹೋಯಿತು. ಮುಧೋಳದ ಅಕ್ಕಾ, ಅಲ್ಲಿಗೆ ಅದು ತೀರ್ಮಾನ ಆಯಿತು.

ಆಮೇಲೆ ಅವ್ವ. ಅವಳು ಎಲ್ಲಿ ಕೂರುತ್ತಾಳೆ ಅಂತ ನಾನು ಪಟ್ಟಿಯಲ್ಲಿ ಬರೆದೇ ಇರಲಿಲ್ಲ. ಕೇಳಿದೆ. ಅಡುಗೆ ಮನೆಯ ಮೂಲೆಗೆ, ಕಿಟಕಿಯ ಕೆಳಗೆ ಹೋಗಿ ಮಣೆ ಹಾಕಿ ಕೂತಳು. ಇಲ್ಲಿ ಕೂತರೆ ಸೊಸೆಯ ಜೊತೆ ಮಾತಾಡುತ್ತಾ ಕೆಲಸ ಮಾಡಬಹುದು ಅಂದಳು. ಆ ಗೋಡೆಗೆ ಪ್ಲ್ಯಾನಿನಲ್ಲಿ ಒಂದೂ ಪಾಯಿಂಟು ಇಲ್ಲ. ಮೇಲಿನಿಂದ ಹಿಡಿದೆ, ಮೊರದ ಮೇಲೆ ಅವಳದೇ ತಲೆ. ಎಡಗಡೆ ಗೋಡೆಗೆ ನಾಲ್ಕೂವರೆ ಅಡಿಗೆ ಹಿಡಿದೆ, ನೆರಳು ಹೋಯಿತು, ಆದರೆ ಕಣ್ಣ ಮೇಲೆ ಕೈ ಅಡ್ಡ ಹಿಡಿದಳು. ಮಗಳು ನೋಟ್‌ಬುಕ್ಕಿನ ರಟ್ಟು ಮಡಚಿ ಬಲ್ಬಿಗೆ ಮರೆ ಮಾಡಿದಳು. ಅವ್ವ ಕೈ ಇಳಿಸಿದಳು. ಮೊರ ಒಂದು ಸಲ ಅಲುಗಿಸಿ, ಎರಡು ಬೆರಳಿನಲ್ಲಿ ಒಂದು ಹರಳು ಎತ್ತಿ ನನಗೆ ತೋರಿಸಿದಳು. ಸಾಸಿವೆಗಿಂತ ಸ್ವಲ್ಪ ದೊಡ್ಡದು. "ಈಗ ಕಾಣಸ್ತೈತಿ ನೋಡು" ಅಂದಳು. ಆಮೇಲೆ ಇಡೀ ಸೇರು ಅಲ್ಲೇ ಕೂತು ಹಸನು ಮಾಡಿದಳು. ನಾವು ಮೂವರೂ ಬಲ್ಬು ಹಿಡಿದುಕೊಂಡು ಸರದಿ ನಿಂತೆವು.

ಟಿಳಕವಾಡಿಯಿಂದ

ಇದನ್ನು ಓದಿ ಖುಷಿ ಆಯಿತು. ಹೊರಗಡೆಯ ಲೈಟಿನ ಬಗ್ಗೆ ಒಂದು ಮಾತು. ಗೇಟು, ಪೋರ್ಚಿಗೆ ಹಳದಿ ಲೈಟೇ ಹಾಕಿ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಹುಳ ಏಳುತ್ತವಲ್ಲ, ನೀಲಿ ಬೆರೆತ ಬಿಳಿ ಬೆಳಕಿಗೆ ಜಾಸ್ತಿ ಮುತ್ತುತ್ತವೆ. ಐಪಿ65 ಅಂತ ಬರೆದಿದ್ದರೆ ಮಳೆ, ಧೂಳು ತಡೆಯುತ್ತದೆ.

ಜಮಖಂಡಿ ಹುಡುಗ

ಇಷ್ಟೆಲ್ಲ ಪಾಯಿಂಟು ಹಾಕಿದರೆ ಬಿಲ್ ಏನಾಗುತ್ತದೆ?

ವಿಜಯಪುರ ವೈರ್‌ಮನ್

ಏನೂ ಆಗೋದಿಲ್ಲ ತಮ್ಮಾ. 9 ವ್ಯಾಟಿನ ಬಲ್ಬು ದಿನಕ್ಕೆ 6 ಗಂಟೆ ಉರಿದರೆ ತಿಂಗಳಿಗೆ 1.62 ಯೂನಿಟ್. ಹಳೇ 60 ವ್ಯಾಟ್ ಬಲ್ಬು ಅಷ್ಟೇ ಹೊತ್ತಿಗೆ 10.8 ತಿನ್ನುತ್ತಿತ್ತು. ಹೆಸ್ಕಾಂ (ನಮ್ಮ ಕಡೆಯ ಕರೆಂಟ್ ಕಂಪನಿ) ಬಿಲ್ ಏರಿಸುವುದು ಗೀಸರು, ಏಸಿ. ಬೇಕಾದ ಕಡೆ ಬೇಕಾದ್ದನ್ನು ಮಾತ್ರ ಹಾಕಿದರೆ ಆ 168 ವ್ಯಾಟಿನ ಹಾಲಿಗಿಂತ ಕಡಿಮೆಯೇ ಬರುತ್ತದೆ.

ನವನಗರದ ಹೊಸಮನೆ

ಪಟ್ಟಿ ಮುಗಿಸಿದೆ, ತಪ್ಪಿದ್ದರೆ ಹೇಳಿ. ಫಾಲ್ಸ್ ಸೀಲಿಂಗ್ ಕೈ ಬಿಟ್ಟೆವು. ಹಾಲ್‌ಗೆ ಎದುರು ಬದುರು ಗೋಡೆಗೆ ಮೇಲ್ಮುಖದ ಎರಡು ಲೈಟು, ಒಂದು 20 ವ್ಯಾಟ್ ಬ್ಯಾಟನ್. ಬೆಡ್‌ರೂಮಿಗೆ 3000 ಕೆಲ್ವಿನ್, ಟು-ವೇ ಸ್ವಿಚ್. ಮಗಳ ಟೇಬಲ್ಲಿಗೆ ಎಡಗಡೆ ಗೋಡೆಯಲ್ಲಿ ಪಾಯಿಂಟು. ಅಡುಗೆ ಕಟ್ಟೆಗೆ 4000 ಕೆಲ್ವಿನ್ ಪಟ್ಟಿ, ಸಿಆರ್‌ಐ 90. ಬಚ್ಚಲ ದಾರಿಗೆ ಎರಡು ಸೆನ್ಸರ್. ಅವ್ವನ ಮೂಲೆಗೆ ಎಡಗೋಡೆಯಲ್ಲಿ ನಾಲ್ಕೂವರೆ ಅಡಿಗೆ ಮರೆ ಇರುವ ಲೈಟು.

ವಿಜಯಪುರ ವೈರ್‌ಮನ್

ಸರಿಯಾಗಿದೆ. ಪೈಪ್ ಕೂರಿಸಿದ ಮೇಲೆ, ಗಿಲಾವ್ ಮೊದಲು, ಪ್ರತಿ ಗೋಡೆಗೆ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ. ನಾಳೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ತಾಯಿಯವರ ಲೈಟಿನ ಸ್ವಿಚ್ ಎಲ್ಲಿ ಅಂತ ಬರೆದಿಲ್ಲ. ಬಾಗಿಲ ಬೋರ್ಡಿನಲ್ಲಿ ಕೊಟ್ಟರೆ ಕೂತ ಮೇಲೆ ಮತ್ತೆ ಏಳಬೇಕಾಗುತ್ತದೆ.

ನವನಗರದ ಹೊಸಮನೆ

ಹೌದಲ್ಲ ಅಣ್ಣಾ. ಈಗಷ್ಟೇ ಅವ್ವನನ್ನು ಮಣೆ ಮೇಲೆ ಕೂರಿಸಿ ಕೈ ಚಾಚಿಸಿ ಅಳೆದೆ. ನೆಲದಿಂದ 2 ಅಡಿ 3 ಇಂಚು, ಎಡಗೋಡೆ. ಸೋಮವಾರ ಅಲ್ಲೇ ಬಾಕ್ಸ್ ಕೂರಿಸಲು ಹೇಳುತ್ತೇನೆ.